ಮನೇಲಿ ನಾಲ್ಕು ಭಾಷೆ, ಮಗ ಇನ್ನೂ ಮಾತಾಡ್ತಿಲ್ಲ. ಯಾವ ಭಾಷೆ ಬಿಡ್ಬೇಕು ಮೇಡಂ?

ಪ್ರಶ್ನೆ: ಮೇಡಂ ನಮಸ್ತೆ. ನಮ್ದು ಪುತ್ತೂರು ಕಡೆ, ಮನೆಮಾತು ತುಳು, ಓದಿದ್ದು ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಗಂಡ ಬಂಗಾಳಿ, ಸಿಲಿಗುರಿಯವ್ರು. ಇಬ್ರೂ ವೈಟ್‌ಫೀಲ್ಡಲ್ಲಿ ಐಟಿ ಕೆಲ್ಸ. ಮಗನಿಗೆ ಈಗ 2 ವರ್ಷ 4 ತಿಂಗಳು. ನಾನು ಅವನ ಹತ್ರ ತುಳು ಮಾತಾಡ್ತೀನಿ, ಅವ್ರಪ್ಪ ಬಂಗಾಳಿ, ನಾವಿಬ್ರು ನಮ್ಮಲ್ಲೇ ಇಂಗ್ಲಿಷು ಹಿಂದಿ ಮಿಕ್ಸ್, ಹಗಲು ನೋಡ್ಕೊಳ್ಳೋ ಅಕ್ಕ ರಾಯಚೂರಿನವ್ರು ಅವ್ರದ್ದು ಕನ್ನಡ, ಅಪಾರ್ಟ್‌ಮೆಂಟ್ ಪಾರ್ಕಲ್ಲಿ ಪೂರ್ತಿ ಹಿಂದಿ. ಜೂನ್‌ನಲ್ಲಿ ಪ್ಲೇಸ್ಕೂಲಿಗೆ ಹಾಕಿದ್ವಿ. ಅಲ್ಲಿ ಮಿಸ್ ಕರೆದು ಮಗು ಕನ್‌ಫ್ಯೂಸ್ ಆಗಿದೆ, ಮನೇಲಿ ಎಲ್ಲಾರೂ ಇಂಗ್ಲಿಷ್ ಮಾತ್ರ ಮಾತಾಡಿ ಅಂದ್ರು. ಅತ್ತೆ ಈಗ ಆರು ತಿಂಗಳಿಂದ ನಮ್ಮ ಜೊತೆ ಇದಾರೆ, ಅವ್ರು ತುಳು ನಿಲ್ಸು ಬಂಗಾಳಿ ಸಾಕು ಅಂತಾರೆ. ನಮ್ಮಮ್ಮ ಫೋನಲ್ಲಿ, ಹುಡುಗ್ರು ಲೇಟಾಗೇ ಮಾತಾಡೋದು ನಿನ್ನ ತಮ್ಮನೂ ಮೂರು ವರ್ಷಕ್ಕೇ ಶುರು ಮಾಡಿದ್ದು, ಅಷ್ಟೊಂದು ಭಾಷೆ ಇದ್ರೆ ಲೇಟ್ ಆಗತ್ತೆ ಬಿಡು ಅಂತಾರೆ. ಚಪ್ಪಲ್ ತಗೊಂಡ್ಬಾ ಅಂದ್ರೆ ಮೂರು ಭಾಷೇಲೂ ಅರ್ಥ ಆಗತ್ತೆ, ಬೇಕಾದ್ದನ್ನ ಬೆರಳು ತೋರ್ಸಿ ಕೇಳ್ತಾನೆ. ಹೇಳೋ ಪದಗಳನ್ನೆಲ್ಲ ಪಟ್ಟಿ ಮಾಡಿ ಕಳ್ಸಿದೀನಿ. ಆರೋಗ್ಯ ಚೆನ್ನಾಗಿದೆ, ಶೀತ ಮಾತ್ರ ತಿಂಗಳಿಗೊಂದ್ಸಲ ಇದ್ದೇ ಇರತ್ತೆ, ಬಾಯಿ ತೆರ್ಕೊಂಡೇ ಮಲಗ್ತಾನೆ, ಟಿವಿ ಹತ್ರಾನೇ ಹೋಗಿ ನಿಲ್ತಾನೆ. ನಾನು ತುಳು ಬಿಡ್ಲಾ, ಅಥವಾ ಕನ್ನಡ ಬಿಡಿಸ್ಲಾ? ಎರಡು ವಾರದಿಂದ ನಾನು ಅವನ ಹತ್ರ ಇಂಗ್ಲಿಷ್ ಮಾತಾಡೋಕೆ ಟ್ರೈ ಮಾಡ್ತಿದೀನಿ, ಏನೋ ಬೇರೆಯವ್ರ ಮಗು ಜೊತೆ ಮಾತಾಡಿದ ಹಾಗೆ ಅನ್ಸತ್ತೆ.

ಉತ್ತರ:

ನೋಡಿ, ನಿಮ್ಮ ಪತ್ರದಲ್ಲಿ ಭಾಷೆ ಬಗ್ಗೆ ಇಪ್ಪತ್ತು ಸಾಲಿದೆ, ಶೀತದ ಬಗ್ಗೆ ಒಂದೇ ಸಾಲು. ನಾನು ಎರಡು ಸಲ ಓದಿದ್ದು ಆ ಶೀತದ ಸಾಲು. ಅದಕ್ಕೆ ಆಮೇಲೆ ಬರ್ತೀನಿ, ಮೊದಲು ನೀವು ಕೇಳಿದ್ದಕ್ಕೆ ನೇರ ಉತ್ತರ ಹೇಳ್ಬಿಡ್ತೀನಿ: ತುಳು ಬಿಡ್ಬೇಡಿ, ಕನ್ನಡ ಬಿಡಿಸ್ಬೇಡಿ, ಬಂಗಾಳಿನೂ ಇರ್ಲಿ. ಆದ್ರೆ ನಿಮ್ಮಮ್ಮ ಹೇಳಿದ ಹಾಗೆ ಸುಮ್ನೆ ಕಾಯೋದೂ ಬೇಡ. ನಿಮ್ಮ ಮಿಸ್ಸು, ನಿಮ್ಮತ್ತೆ, ನಿಮ್ಮಮ್ಮ ಮೂರೂ ಜನ ಬೇರೆ ಬೇರೆ ಹೇಳ್ತಿದಾರೆ ಅಂತ ನಿಮಗೆ ಅನ್ಸಿರತ್ತೆ, ನನಗೆ ಮೂರೂ ಒಂದೇ ಥರ ಕೇಳ್ಸತ್ತೆ. ಮೂವರೂ ಲೇಟಾಗಿರೋದಕ್ಕೆ ಭಾಷೆಗಳೇ ಕಾರಣ ಅಂತ ಒಪ್ಕೊಂಡ್ಬಿಟ್ಟಿದಾರೆ, ಒಬ್ರು ಅದಕ್ಕೆ ಭಾಷೆ ತೆಗೀರಿ ಅಂತಾರೆ ಇನ್ನೊಬ್ರು ಅದಕ್ಕೇ ಚಿಂತೆ ಬೇಡ ಅಂತಾರೆ. ಆ ಕಾರಣಾನೇ ತಪ್ಪು.

ಮಗು ಎರಡು ಮೂರು ಭಾಷೆ ಒಟ್ಟಿಗೆ ಕೇಳಿ ಬೆಳೆದ್ರೆ ಮಾತು ಲೇಟಾಗತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಮೊದಲ ಪದ ಸುಮಾರು ಒಂದು ವರ್ಷದ ಆಚೀಚೆ, ಎರಡು ವರ್ಷಕ್ಕೆ ಐವತ್ತು ಪದ ಮತ್ತೆ ಎರಡೆರಡು ಪದ ಜೋಡ್ಸೋದು, ಈ ಮೈಲಿಗಲ್ಲು ಒಂದು ಭಾಷೆ ಮಗೂಗೂ ನಾಲ್ಕು ಭಾಷೆ ಮಗೂಗೂ ಹತ್ರಹತ್ರ ಒಂದೇ. ಎರಡು ವರ್ಷದ ಮಕ್ಕಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಮಕ್ಕಳು ಮಾತಲ್ಲಿ ಹಿಂದೆ ಇರ್ತಾರೆ, ಅದು ಒಂದೇ ಭಾಷೆ ಮನೆಗಳಲ್ಲೂ ಇರತ್ತೆ ನಿಮ್ಮಂಥ ಮನೆಗಳಲ್ಲೂ ಇರತ್ತೆ. ಬೇರೆ ಏನೂ ಬೇಡ, ನಿಮ್ಮ ದಕ್ಷಿಣ ಕನ್ನಡಾನೇ ನೋಡಿ. ಮನೇಲಿ ತುಳು ಅಥವಾ ಬ್ಯಾರಿ ಅಥವಾ ಕೊಂಕಣಿ, ಶಾಲೇಲಿ ಕನ್ನಡ, ಪಕ್ಕದ್ಮನೇಲಿ ಇನ್ನೊಂದು. ಭಾಷೆ ಜಾಸ್ತಿಯಾಗಿ ಮಕ್ಕಳ ಮಾತು ನಿಲ್ಲೋದಾಗಿದ್ರೆ ಮಂಗಳೂರು ಮೀನು ಮಾರ್ಕೆಟ್ಟಲ್ಲಿ ಅಷ್ಟು ಗದ್ದಲ ಹೇಗಿರ್ತಿತ್ತು?

ಹಾಗಾದ್ರೆ ಈ ಕನ್‌ಫ್ಯೂಸ್ ಅನ್ನೋ ಮಾತು ಎಲ್ಲಿಂದ ಬಂತು ಅಂದ್ರೆ, ಸುಮಾರು ನೂರು ವರ್ಷದ ಹಿಂದಿನ ಕತೆ. 1923ರಲ್ಲಿ ಸೇರ್ ಅನ್ನೋರು ವೇಲ್ಸ್ ದೇಶದ ಹಳ್ಳಿ ಮಕ್ಕಳಿಗೆ ಬುದ್ಧಿಶಕ್ತಿ ಪರೀಕ್ಷೆ ಮಾಡಿ ವೆಲ್ಷ್ ಇಂಗ್ಲಿಷ್ ಎರಡೂ ಗೊತ್ತಿರೋ ಮಕ್ಕಳು ಹಿಂದೆ ಇದಾರೆ ಅಂತ ಬರೆದ್ರು. ಆಗಿನ ಕಾಲದ ಅಂಥ ಪರೀಕ್ಷೆಗಳಲ್ಲಿ ಮನೆಯ ಬಡತನ, ಮಗೂಗೆ ಯಾವ ಭಾಷೆ ಎಷ್ಟು ಬರತ್ತೆ ಇದ್ಯಾವುದನ್ನೂ ಸರಿಯಾಗಿ ಲೆಕ್ಕಕ್ಕೆ ತಗೊಳ್ತಿರ್ಲಿಲ್ಲ, ಬಡವರ ಮಗೂನ ಅದಕ್ಕೆ ಬರದೇ ಇರೋ ಭಾಷೇಲಿ ಕೇಳಿ ದಡ್ಡ ಅನ್ನೋದು. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಅನ್ನೋರು ಒಂದೇ ಮಟ್ಟದ ಮನೆಗಳ ಮಕ್ಕಳನ್ನ ತಗೊಂಡು ಹೋಲ್ಸಿದಾಗ ಫ್ರೆಂಚ್ ಇಂಗ್ಲಿಷ್ ಎರಡೂ ಬಲ್ಲ ಮಕ್ಕಳೇ ಮುಂದೆ ಬಂದ್ರು. ಸಂಶೋಧನೆ ಅಲ್ಲಿಂದ ತಿರುಗ್ತು, ಆದ್ರೆ ಸಲಹೆ ಮಾತ್ರ ಇನ್ನೂ ನಮ್ಮ ಪ್ಲೇಸ್ಕೂಲ್ ಮೀಟಿಂಗಲ್ಲಿ ಓಡಾಡ್ತಿದೆ. ಕೆಲವು ಡಾಕ್ಟ್ರುಗಳೂ ಹೇಳ್ತಾರೆ, ಏನು ಮಾಡೋದು.

ಇದರ ಉಲ್ಟಾ ಇನ್ನೊಂದು ಪುರಾಣ ಇದೆ, ಜಾಸ್ತಿ ಭಾಷೆ ಕಲ್ತ್ರೆ ಮಗು ಸೂಪರ್ ಬ್ರೈಟ್ ಆಗತ್ತೆ ಅನ್ನೋದು, ಅದನ್ನೂ ನಂಬ್ಬೇಡಿ. ಗಮನ, ಬುದ್ಧಿಗೆಲ್ಲ ಲಾಭ ಅಂತ ಬಂದ ಎಷ್ಟೋ ಫಲಿತಾಂಶ ಮತ್ತೆ ಪರೀಕ್ಷೆ ಮಾಡ್ದಾಗ ನಿಂತಿಲ್ಲ. 2013ರಲ್ಲಿ ಹೈದರಾಬಾದ್‌ನಲ್ಲಿ ಮರೆವಿನ ಕಾಯಿಲೆಯ 648 ಜನರನ್ನ ನೋಡಿದಾಗ ಎರಡು ಭಾಷೆ ಮಾತಾಡೋರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಓದು ಬರಹ ಬಾರದವರಲ್ಲೂ. ಖುಷಿ ವಿಷ್ಯ. ಆದ್ರೆ ಎರಡು ವರ್ಷದ ಹುಡುಗನಿಗೆ ಎಪ್ಪತ್ತನೇ ವಯಸ್ಸಿನ ಲಾಭ ಹೇಳಿ ತುಳು ಕಲಿಸೋದಲ್ಲ. ಅವನು ನಿಮ್ಮ ಮಗ, ನಿಮ್ಮ ಮಾತು ಅವನಿಗೆ ಬರ್ಲಿ, ಅಷ್ಟಕ್ಕೇ.

ಈಗ ಪಟ್ಟಿಗೆ ಬರೋಣ. ನೀವು ತುಂಬ ಚೆನ್ನಾಗಿ ಮಾಡಿದೀರಿ, ನಮ್ಮ ಹತ್ರ ಬರೋ ಹೆಚ್ಚಿನೋರು ಇಷ್ಟು ಮಾಡ್ಕೊಂಡು ಬರಲ್ಲ. ಬೋಡು (ಬೇಕು), ಬೊಡ್ಚಿ (ಬೇಡ), ಪೇರ್ (ಹಾಲು), ಪುಚ್ಚೆ (ಬೆಕ್ಕು) ಅಂತ ತುಳು ಹನ್ನೊಂದು, ಜೋಲ್ (ನೀರು), ಮಾಛ್ (ಮೀನು), ಕಾಕ್ (ಕಾಗೆ) ಅಂತ ಬಂಗಾಳಿ ಎಂಟು, ಕನ್ನಡ ಆರು, ಬಾಲ್ ಬಾಯ್ ಥರ ಇಂಗ್ಲಿಷ್ ಒಂಬತ್ತು. ಮಿಸ್ ನೋಡಿದ್ದು ಆ ಒಂಬತ್ತನ್ನ ಮಾತ್ರ. ಅವ್ರಿಗೆ ಕಾಣೋ ಹುಡುಗ ಒಂಬತ್ತು ಪದದ ಹುಡುಗ, ಅದಕ್ಕೇ ಗಾಬರಿ. ಆದ್ರೆ ಲೆಕ್ಕ ಎಲ್ಲಾ ಸೇರ್ಸಿ ಮಾಡ್ಬೇಕು, ಸೇರ್ಸಿದ್ರೆ 34. ಹಾಲಿಗೆ ಪೇರ್ ಅಂತಾನೂ ದುಧ್ ಅಂತಾನೂ ಹೇಳಿದ್ರೆ ಎರಡು ಪದಾನೇ. ಉಚ್ಚಾರಣೆ ಸೊಟ್ಟ ಇದ್ರೂ ಪರ್ವಾಗಿಲ್ಲ, ಯಾವಾಗ್ಲೂ ಅದೇ ವಸ್ತುಗೆ ಅದೇ ಶಬ್ದ ಬಂದ್ರೆ ಅದು ಪದ.

ಒಂಬತ್ತಕ್ಕಿಂತ 34 ಎಷ್ಟೋ ಮೇಲು. ಆದ್ರೂ 28 ತಿಂಗಳಿಗೆ 34 ಕಮ್ಮಿನೇ. ಮತ್ತೆ ಎರಡು ಪದ ಜೋಡ್ಸಿರೋದು ಪಟ್ಟಿಲಿ ಒಂದೂ ಕಾಣ್ಲಿಲ್ಲ ನನಗೆ. "ಬಾಲ್ ಬೋಡು" ಅಂದ್ರೂ ಸಾಕಿತ್ತು, ಅರ್ಧ ಇಂಗ್ಲಿಷ್ ಅರ್ಧ ತುಳು ಆದ್ರೂ ಅದು ವಾಕ್ಯಾನೇ, ಮಿಕ್ಸ್ ಮಾಡೋದು ಗೊಂದಲ ಅಲ್ಲ, ನೀವೂ ನಿಮ್ಮ ಯಜಮಾನ್ರೂ ದಿನಾ ಮಾಡೋದು ಅದನ್ನೇ ಅಲ್ವಾ. ಹಾಗಾಗಿ ಇದನ್ನ ನಾನು ಮಾತು ತಡ ಅಂತಾನೇ ಕರೀತೀನಿ. ಇಂಥ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೂರು ನಾಲ್ಕು ವರ್ಷದ ಹೊತ್ತಿಗೆ ತಾವೇ ಸರಿಹೋಗ್ತಾರೆ, ನಿಮ್ಮ ತಮ್ಮ ಆದ ಹಾಗೆ. ತೊಂದ್ರೆ ಏನಂದ್ರೆ ಸರಿಹೋಗೋರು ಯಾರು ಹೋಗದೇ ಇರೋರು ಯಾರು ಅಂತ ಎರಡು ವರ್ಷಕ್ಕೆ ಮುಖ ನೋಡಿ ಹೇಳೋಕಾಗಲ್ಲ. ಕಾದು ನೋಡಿ ಮೂರೂವರೆಗೆ ಕರ್ಕೊಂಡು ಬರ್ತಾರೆ, ಆಗ ಒಂದೂವರೆ ವರ್ಷ ಕೈಬಿಟ್ಟು ಹೋಗಿರತ್ತೆ.

ನಿಮ್ಮ ಮಗನಲ್ಲಿ ಒಳ್ಳೇ ಲಕ್ಷಣ ಸುಮಾರಿದೆ. ಮೂರು ಭಾಷೇಲಿ ಹೇಳಿದ್ದು ಅರ್ಥ ಆಗತ್ತೆ, ಬೆರಳು ತೋರ್ಸಿ ಕೇಳ್ತಾನೆ. ನೀವು ಬರೆದಿಲ್ಲ, ಆದ್ರೆ ಗಮನಿಸಿ: ಹೆಸರು ಕರೆದ್ರೆ ತಿರುಗ್ತಾನಾ, ಏನೋ ಹೊಸದು ಕಂಡ್ರೆ ನಿಮಗೆ ತೋರ್ಸೋಕೆ ತರ್ತಾನಾ, ಕಣ್ಣಲ್ಲಿ ಕಣ್ಣಿಟ್ಟು ನಗ್ತಾನಾ, ಸುಳ್ಳುಸುಳ್ಳೇ ಫೋನ್ ಮಾಡೋದು ಗೊಂಬೆಗೆ ಊಟ ಮಾಡ್ಸೋದು ಇದೆಯಾ. ಇವು ಇಲ್ಲ ಅಂದ್ರೆ, ಅಥವಾ ಮೊದಲು ಹೇಳ್ತಿದ್ದ ಪದಗಳು ಈಗ ಮಾಯ ಆಗ್ತಿವೆ ಅಂದ್ರೆ ಒಂದು ವಾರಾನೂ ಕಾಯ್ಬೇಡಿ, ಮಕ್ಕಳ ಡಾಕ್ಟ್ರ ಹತ್ರ ಹೋಗಿ ಎಂ-ಚಾಟ್ ಅನ್ನೋ ಪ್ರಶ್ನೆಪಟ್ಟಿ ತುಂಬಿಸಿ, ಅದು 16ರಿಂದ 30 ತಿಂಗಳ ಮಕ್ಕಳಿಗೆ ಆಟಿಸಂ ಸುಳಿವು ನೋಡೋಕಿರೋದು, ನಿಮಗಿನ್ನೂ ಎರಡು ತಿಂಗಳು ಇದೆ. ಅಂದ ಹಾಗೆ ಆಟಿಸಂ ಇರೋ ಮಕ್ಕಳಿಗೂ ಡೌನ್ ಸಿಂಡ್ರೋಮ್ ಮಕ್ಕಳಿಗೂ ಎರಡನೇ ಭಾಷೆಯಿಂದ ಹಾನಿ ಆಗಿದ್ದು ಕಂಡಿಲ್ಲ, ಅವ್ರಿಗೂ ಭಾಷೆ ತೆಗೀಬೇಕಿಲ್ಲ.

ಈಗ ಶೀತದ ಸಾಲು. ತಿಂಗಳಿಗೊಂದು ಶೀತ, ಬಾಯಿ ತೆರೆದು ನಿದ್ದೆ, ಟಿವಿ ಹತ್ರ ನಿಲ್ಲೋದು. ಪತ್ರ ಓದಿ ರೋಗ ಹೇಳೋಕಾಗಲ್ಲ ನಿಜ, ಆದ್ರೆ ಈ ಮೂರು ಒಟ್ಟಿಗೆ ಬಂದ್ರೆ ನನ್ನ ಮೊದಲ ಅನುಮಾನ ಕಿವಿ ಮೇಲೆ. ಮೂಗಿನ ಹಿಂದೆ ಅಡಿನಾಯ್ಡ್ ಅಂತ ಒಂದು ಗ್ರಂಥಿ ಇರತ್ತೆ, ಪದೇ ಪದೇ ಶೀತ ಆದ್ರೆ ಊದ್ಕೊಳತ್ತೆ, ಆಗ ಮೂಗು ಕಟ್ಟಿ ಮಗು ಬಾಯಲ್ಲಿ ಉಸಿರಾಡತ್ತೆ. ಮೂಗಿನ ಹಿಂದಿಂದ ನಡುಗಿವಿಗೆ ಹೋಗೋ ಸಣ್ಣ ಕೊಳವೆನೂ ಮುಚ್ಕೊಳತ್ತೆ, ಕಿವಿ ತಮಟೆ ಹಿಂದೆ ನೀರು ತುಂಬತ್ತೆ. ನೋವಿರಲ್ಲ, ಸೋರಲ್ಲ, ಜ್ವರ ಇಲ್ಲ, ಯಾರಿಗೂ ಗೊತ್ತಾಗಲ್ಲ. ಕೇಳೋದು ಮಾತ್ರ 20-30 ಡೆಸಿಬಲ್‌ನಷ್ಟು ಕಮ್ಮಿಯಾಗತ್ತೆ. ಕಿವಿಗೆ ಹತ್ತಿ ಇಟ್ಕೊಂಡು ಮಾತು ಕಲಿಯೋದು ಅಂದ್ಕೊಳಿ. ಕರೆದ್ರೆ ತಿರುಗ್ತಾನೆ, ಬಾಗಿಲು ಬಡಿದ್ರೆ ಬೆಚ್ತಾನೆ, ಹಾಗಾಗಿ ಮನೆಯವ್ರು ಕಿವಿ ಚೆನ್ನಾಗಿದೆ ಅಂತಾರೆ, ಆದ್ರೆ ಪದದ ಕೊನೆ, ಮೆಲ್ಲಗಿರೋ ವ್ಯಂಜನ ಎಲ್ಲ ತಪ್ಪಿಹೋಗತ್ತೆ, ಅದ್ರಲ್ಲೂ ಇಪ್ಪತ್ತು ಮಕ್ಕಳು ಕಿರುಚೋ ಪ್ಲೇಸ್ಕೂಲ್ ರೂಮಲ್ಲಿ. ಶೀತ ಹೋದಾಗ ಸರಿ ಕೇಳತ್ತೆ, ಬಂದಾಗ ಮತ್ತೆ ಮಂಕು. ಮನೆಯವ್ರು ಇದನ್ನ ಮೂಡಿ ಮಗು ಅಂತಾರೆ.

ಹುಟ್ಟಿದಾಗ ಆಸ್ಪತ್ರೇಲಿ ಕಿವಿ ಟೆಸ್ಟ್ ಪಾಸ್ ಆಗಿದ್ರೂ ಇದು ಆಮೇಲೆ ಬರೋದು, ಆ ಕಾಗದ ಇಲ್ಲಿ ಉಪಯೋಗಕ್ಕೆ ಬರಲ್ಲ. ಇಎನ್‌ಟಿ ಡಾಕ್ಟ್ರು ಮತ್ತೆ ಕೇಳೋ ಶಕ್ತಿ ಪರೀಕ್ಷೆ ಮಾಡೋ ಆಡಿಯಾಲಜಿಸ್ಟ್ ಇಬ್ರೂ ಇರೋ ಕಡೆ ಹೋಗಿ, ಟಿಂಪನೋಮೆಟ್ರಿ ಅಂತ ಒಂದು ನಿಮಿಷದ ಟೆಸ್ಟ್ ಕಿವಿ ತಮಟೆ ಹಿಂದೆ ನೀರಿದೆಯಾ ತೋರ್ಸತ್ತೆ, ಜೊತೆಗೆ ಒಳಗಿವಿ ಕೆಲಸ ನೋಡೋ ಒಎಇ ಟೆಸ್ಟ್, ಬೇಕು ಅಂದ್ರೆ ಮಗೂನ ನಿದ್ದೆ ಮಾಡ್ಸಿ ಶಬ್ದ ಕಿವಿಯಿಂದ ಮೆದುಳಿಗೆ ತಲುಪತ್ತಾ ಅಂತ ನೋಡೋ ಬೆರಾ ಟೆಸ್ಟ್. ನೀರಿದ್ರೆ ಗಾಬರಿ ಬೇಡ, ತುಂಬ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನೇ ಇಂಗ್ಹೋಗತ್ತೆ, ಡಾಕ್ಟ್ರು ಕಾದು ನೋಡೋಣ ಅಂತಾರೆ. ಹೋಗ್ಲಿಲ್ಲ, ಕೇಳೋದೂ ಕಮ್ಮಿ ಇದೆ ಅಂದ್ರೆ ಆಗ ಗ್ರೊಮೆಟ್ ಅಂತ ಸಣ್ಣ ಟ್ಯೂಬ್ ಹಾಕೋದು, ಅಡಿನಾಯ್ಡ್ ತೆಗೆಯೋದು, ಆ ಮಾತುಕತೆ ಬರತ್ತೆ. ಯೋಚ್ನೆ ಮಾಡಿ, ಇದೇ ಕಾರಣ ಆಗಿದ್ರೆ, ನೀವು ತುಳು ಬಿಟ್ಟು ಇಂಗ್ಲಿಷ್ ಹಿಡಿದ್ರೆ ಆ ಇಂಗ್ಲಿಷೂ ಅದೇ ಕಿವೀಲೇ ಹೋಗ್ಬೇಕಲ್ವಾ.

ಎಲ್ಲಿ ತೋರ್ಸೋದು ಅಂದ್ರೆ, ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ವಾಕ್ ಮತ್ತು ಶ್ರವಣ ವಿಭಾಗ ಇದೆ. ಮೈಸೂರಿನ ಮಾನಸಗಂಗೋತ್ರಿಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಒಂದು ದಿನ ರಜೆ ಹಾಕಿ ಹೋದ್ರೆ ಕಿವಿ ಮಾತು ಎಲ್ಲಾ ಒಂದೇ ಕಡೆ ನೋಡ್ತಾರೆ. ಊರ ಕಡೆ ಇದನ್ನ ಓದ್ತಿರೋರಿಗೆ ಹೇಳ್ತೀನಿ, ಜಿಲ್ಲಾ ಆಸ್ಪತ್ರೆಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೆಳಗೆ ಡಿಇಐಸಿ ಅಂತ, ಮಕ್ಕಳ ಬೆಳವಣಿಗೆ ತೊಂದ್ರೆಗಳನ್ನ ಬೇಗ ನೋಡಿ ಚಿಕಿತ್ಸೆ ಕೊಡೋ ಕೇಂದ್ರ ಇರತ್ತೆ, ಹದಿನೆಂಟು ವರ್ಷದವರೆಗೂ ಮಕ್ಕಳಿಗೆ ಉಚಿತ, ಕೇಳಿ ನೋಡಿ. ಖಾಸಗಿ ಥೆರಪಿಸ್ಟ್ ಆದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದ್ರೆ ಆರ್‌ಸಿಐ ನೋಂದಣಿ ಇದೆಯಾ ಅಂತ ಕೇಳೋಕೆ ಸಂಕೋಚ ಬೇಡ. ಅವ್ರಿಗೆ ತುಳು ಬಂಗಾಳಿ ಬರ್ಬೇಕು ಅಂತ ಇಲ್ಲ, ಆದ್ರೆ ಬರೀ ಇಂಗ್ಲಿಷ್ ಚಿತ್ರ ತೋರ್ಸಿ ವಾಟ್ ಈಸ್ ದಿಸ್ ಅಂತ ಕೇಳಿ ಮಾರ್ಕ್ಸ್ ಕೊಟ್ರೆ ಅಲ್ಲಿಂದ ಎದ್ದು ಬನ್ನಿ.

ಇನ್ನು ಮನೇಲಿ ಯಾವ ಭಾಷೆ ಅನ್ನೋದು. ದಾರಿ ನಾಲ್ಕೈದಿದೆ, ಯಾವುದೂ ಪುಕ್ಕಟೆ ಅಲ್ಲ.

ಎಲ್ಲಾರೂ ಇಂಗ್ಲಿಷ್ ಮಾತ್ರ ಅನ್ನೋದು ಮಿಸ್ ಹೇಳಿದ್ದು. ಶಾಲೇಲಿ ಮೊದಲ ಕೆಲವು ತಿಂಗಳು ಸಲೀಸಾಗತ್ತೆ, ಅಷ್ಟು ಲಾಭ ಇದೆ. ನಷ್ಟ ಏನಂದ್ರೆ ನೀವೇ ಬರೆದಿದೀರಲ್ಲ, ಬೇರೆಯವ್ರ ಮಗು ಜೊತೆ ಮಾತಾಡಿದ ಹಾಗೆ. ಅದು ಬರೀ ಭಾವನೆ ಅಲ್ಲ, ನಾನು ಕ್ಲಿನಿಕ್‌ನಲ್ಲಿ ಕಣ್ಣಾರೆ ನೋಡೋದು. ಆಫೀಸ್ ಇಂಗ್ಲಿಷಲ್ಲಿ ಮಗು ಜೊತೆ ಮಾತಾಡೋ ಅಪ್ಪ ಅಮ್ಮಂದಿರು ಸಿಟ್, ಕಮ್, ಈಟ್, ನೋ, ವಾಟ್ ಕಲರ್ ಇಷ್ಟಕ್ಕೇ ನಿಂತುಬಿಡ್ತಾರೆ. ಅದೇ ಅಮ್ಮ ತನ್ನ ಭಾಷೆಗೆ ಬಂದ್ರೆ ಬೈತಾಳೆ, ಹಾಡ್ತಾಳೆ, ರಾಗ ಎಳೀತಾಳೆ, ಇಲ್ಲದ ಕತೆ ಕಟ್ತಾಳೆ. ಮಗು ಮಾತು ಕಲಿಯೋದು ಆ ಗಲಾಟೆಯಿಂದ. ಅಜ್ಜಿಯರಿಬ್ರೂ ಸಂಭಾಷಣೆಯಿಂದ ಹೊರಗೆ ಬೀಳ್ತಾರೆ, ನೋಡ್ಕೊಳ್ಳೋ ಅಕ್ಕ ಸುಮ್ಮನಾಗ್ಬಿಡ್ತಾರೆ, ಒಟ್ಟು ಮಗು ಕಿವಿಗೆ ಬೀಳೋ ಮಾತೇ ಕಮ್ಮಿಯಾಗತ್ತೆ. ಇಂಗ್ಲಿಷ್ ಈ ಊರಲ್ಲಿ ಹೇಗಿದ್ರೂ ಬರತ್ತೆ, ಬರದೇ ಇರೋಕೆ ಬಿಡಲ್ಲ.

ತುಳು ಬಿಟ್ಟು ಬಂಗಾಳಿ ಅನ್ನೋದು ಅತ್ತೆಯವ್ರ ಮಾತು. ಇಲ್ಲೊಂದು ಕಹಿ ವಿಷ್ಯ ಹೇಳ್ತೀನಿ, ಬೇಜಾರಾಗ್ಬೇಡಿ. ಭಾಷೆ ಜಾಸ್ತಿಯಾಯ್ತು ಒಂದು ತೆಗೀರಿ ಅಂತ ಬಂದಾಗ ನಾನು ನೋಡಿದ ಮಟ್ಟಿಗೆ ತೆಗೆಯೋದು ಯಾವಾಗ್ಲೂ ಮನೇಲಿ ಯಾರ ಮಾತು ನಡೆಯಲ್ವೋ ಅವರ ಭಾಷೇನ. ಸೊಸೆಯದ್ದು, ಕೆಲಸದವರದ್ದು. ಅಳಿಯನ ಮನೇಲಿದ್ರೆ ಅತ್ತೆಯದ್ದು. ಮೆದುಳಿಗೂ ಇದಕ್ಕೂ ಸಂಬಂಧ ಇಲ್ಲ, ಇದು ಮನೆ ರಾಜಕೀಯ, ಮಗು ನೆಪ. ನಿಮ್ಮತ್ತೆ ಕೆಟ್ಟವರು ಅಂತಲ್ಲ, ಸಿಲಿಗುರಿ ಬಿಟ್ಟು ಹನ್ನೊಂದನೇ ಫ್ಲೋರೋ ಹದಿನಾಲ್ಕನೇ ಫ್ಲೋರೋ ಯಾವುದೋ ಮನೇಲಿ ಭಾಷೆ ಗೊತ್ತಿಲ್ಲದ ಊರಲ್ಲಿ ಕೂತಿದಾರೆ, ಅವ್ರಿಗೂ ಮೊಮ್ಮಗನ ಜೊತೆ ಮಾತಾಡೋ ಆಸೆ, ಸೊಸೆ ಮಗು ಇಬ್ರೂ ತನಗೆ ತಿಳಿಯದ ಭಾಷೇಲಿ ನಗ್ತಿದ್ರೆ ನನ್ನ ಬಗ್ಗೆನೇ ಏನೋ ಅಂತ ಅನ್ಸಿರತ್ತೆ, ಯಾರಿಗಾದ್ರೂ ಅನ್ಸತ್ತೆ. ಇದನ್ನ ಸರಿಮಾಡೋಕೆ ತುಳು ಬಿಡ್ಬೇಕಿಲ್ಲ. ಊಟಕ್ಕೆ ಎಲ್ಲಾ ಕೂತಾಗ ದೊಡ್ಡವರ ಮಾತು ಎಲ್ಲಾರಿಗೂ ತಿಳಿಯೋ ಹಿಂದಿಲೋ ಯಾವುದ್ರಲ್ಲೋ ಇರ್ಲಿ, ಮಗು ಕಡೆ ತಿರುಗಿದಾಗ ತುಳು, ಏನು ಹೇಳಿದ್ರಿ ಅನ್ನೋದನ್ನ ಆಮೇಲೆ ಒಂದು ಸಾಲಲ್ಲಿ ಅವ್ರಿಗೂ ಹೇಳಿ. ಮತ್ತೆ ಅವ್ರಿಗೆ ಅವ್ರದ್ದೇ ಹೊತ್ತು ಕೊಡಿ, ಸಂಜೆ ಒಂದು ಗಂಟೆ ಮಗು ಠಾಕುಮಾ (ಅಜ್ಜಿ) ಹತ್ರ, ಬಂಗಾಳಿ ಹಾಡು, ಕತೆ, ಮುರಿ (ಮಂಡಕ್ಕಿ) ತಿನ್ಸೋದು. ಅನ್ನ ಮೀನು ತಿನ್ನೋ ಎರಡು ಊರಿನವ್ರು ನೀವು, ಅಡುಗೆಮನೇಲಿ ಜಗಳ ಕಮ್ಮಿ ಇರ್ಬೇಕು ಅನ್ಕೊತೀನಿ, ಅಲ್ಲಿಂದ ಶುರು ಮಾಡಿ. ನೀವೂ ನಾಕು ಬಂಗಾಳಿ ಮಾತು ಅತ್ತೆಯಿಂದ ಕಲೀರಿ, ಮಗನ ಮುಂದೇನೇ ತಪ್ಪುತಪ್ಪಾಗಿ ಹೇಳಿ ನಗಿ.

ಒಂದು ಲೆಕ್ಕಾನೂ ನೋಡಿ. 2011ರ ಜನಗಣತಿ ಪ್ರಕಾರ ಬಂಗಾಳಿ ಮಾತಾಡೋರು 9 ಕೋಟಿ 72 ಲಕ್ಷ, ತುಳು ಸುಮಾರು 18 ಲಕ್ಷ. ಬಂಗಾಳಿಗೆ ಟಿವಿ ಇದೆ, ಪುಸ್ತಕ ಇದೆ, ಶಾಲೆ ಇದೆ, ದುರ್ಗಾಪೂಜೆಗೆ ಬೆಂಗಳೂರಲ್ಲೇ ಪೆಂಡಾಲ್ ಇದೆ. ಆ ಫ್ಲಾಟಲ್ಲಿ ತುಳುಗೆ ಇರೋದು ನೀವೊಬ್ರೇ. ನೀವು ಬಿಟ್ರೆ ಅಲ್ಲಿಗೆ ಮುಗೀತು. ಬಿಟ್ಟು ಐದಾರು ವರ್ಷ ಆದ್ಮೇಲೆ ಮತ್ತೆ ಕಲಿಸ್ತೀನಿ ಅಂತ ಬರೋರು ಇದಾರೆ, ಅಷ್ಟರಲ್ಲಿ ಮಗು ಅಮ್ಮಂಗೆ ಇಂಗ್ಲಿಷಲ್ಲೇ ಉತ್ತರ ಕೊಡೋ ಅಭ್ಯಾಸ ಮಾಡ್ಕೊಂಡಿರತ್ತೆ, ಆಮೇಲೆ ತುಂಬಾ ಕಷ್ಟ.

ಮೂರನೇದು ಈಗ ನೀವು ಮಾಡ್ತಿರೋದೇ, ಒಬ್ಬೊಬ್ರು ಒಂದೊಂದು ಭಾಷೆ. ಇದು ಚೆನ್ನಾಗಿ ನಡೆಯತ್ತೆ, ಆದ್ರೆ ಪೊಲೀಸ್ ಕೆಲಸ ಮಾಡ್ಬೇಡಿ. ಅಪ್ಪ ಒಂದು ತುಳು ಪದ ಹೇಳಿದ್ರೆ ನಿಯಮ ಮುರೀತು ಅಂತಲ್ಲ. ಇದರ ನಿಜವಾದ ಅಪಾಯ ಬೇರೆ: ಯಾರ ಹತ್ರ ಹೊತ್ತು ಕಮ್ಮಿಯೋ ಅವರ ಭಾಷೆ ಸೊರಗತ್ತೆ. ಮಗು ಎಚ್ಚರ ಇರೋ ಹೊತ್ತಲ್ಲಿ ಕಾಲುಭಾಗದಷ್ಟಾದ್ರೂ ಒಂದು ಭಾಷೆ ಕಿವಿಗೆ ಬಿದ್ರೆ ಅದನ್ನ ಮಾತಾಡೋ ಸಂಭವ ಜಾಸ್ತಿ ಅಂತ ನಾವು ಸುಮಾರಾಗಿ ಲೆಕ್ಕ ಇಟ್ಕೊಳ್ತೀವಿ, ಕಟ್ಟುನಿಟ್ಟಿನ ಅಳತೆ ಅಲ್ಲ. ಹನ್ನೆರಡು ಗಂಟೆ ಎಚ್ಚರ ಇದ್ರೆ ಮೂರು ಗಂಟೆ. ನೀವು ಏಳು ಗಂಟೆಗೆ ಆಫೀಸಿಂದ ಬಂದು ಒಂಬತ್ತಕ್ಕೆ ಮಲಗ್ಸಿದ್ರೆ ತುಳುಗೆ ಎಷ್ಟು ಸಿಕ್ತು? ನಿಮ್ಮ ಯಜಮಾನ್ರ ಲ್ಯಾಪ್‌ಟಾಪ್ ರಾತ್ರಿ ಕಾಲ್ ತೆಗೆದ್ರೆ ಬಂಗಾಳಿಗೆ ಎಷ್ಟು? ನಾಲ್ಕು ಭಾಷೇನೂ ಸಮಸಮ ಬರ್ಬೇಕು ಅನ್ನೋ ಆಸೆ ಬಿಡಿ. ಎರಡು ಗಟ್ಟಿ ಮಾತಾಡ್ತಾನೆ, ಒಂದು ಅರ್ಥ ಆಗತ್ತೆ, ಇನ್ನೊಂದು ಶಾಲೆಯಿಂದ ಬರತ್ತೆ, ಇದು ನಾರ್ಮಲ್.

ಕನ್ನಡ ಬಿಡಿಸ್ಲಾ ಅಂತ ಕೇಳಿದೀರಿ. ನಾನು ಕನ್ನಡದವಳು ಅಂತ ಪಕ್ಷಪಾತ ಇರ್ಬೋದು, ಆದ್ರೂ ಹೇಳ್ತೀನಿ. ಹಗಲೆಲ್ಲ ಅವನ ಜೊತೆ ಇರೋರು ಆ ರಾಯಚೂರಿನ ಅಕ್ಕ. ಅವ್ರಿಗೆ ಹಿಂದಿಲಿ ಮಾತಾಡು ಇಂಗ್ಲಿಷ್ ಪದ ಹೇಳ್ಕೊಡು ಅಂತ ಎಷ್ಟೋ ಮನೇಲಿ ಹೇಳಿರ್ತಾರೆ, ಆಗ ಆಗೋದು ಒಂದೇ, ಆಕೆ ಬಾಯಿ ಮುಚ್ಕೊಂಡು ಟಿವಿ ಹಾಕ್ತಾಳೆ. ನಿಮ್ಮನೇಲಿ ಹಾಗೆ ಹೇಳಿದ್ರೆ ಇವತ್ತೇ ವಾಪಸ್ ತಗೊಳಿ. ಆಕೆ ಬರ್ರೀ ಹೋಗ್ರೀ ಅಂತ ತನ್ನ ಕನ್ನಡದಲ್ಲೇ ಹರಟ್ಲಿ, ಸೊಪ್ಪು ಬಿಡಿಸ್ತಾ ಮಗುಗೆ ಹೇಳ್ತಾ ಇರ್ಲಿ. ಅವನು ಬೆಳೆಯೋದು ಈ ಊರಲ್ಲಿ, ಅಂಗಡಿ, ಆಟೋ, ಲಿಫ್ಟಲ್ಲಿ ಸಿಗೋ ಸೆಕ್ಯುರಿಟಿ ಎಲ್ಲಾರ ಜೊತೆ ಕನ್ನಡದಲ್ಲಿ ಮಾತಾಡಿದ್ರೆ ಅವನಿಗೆ ಊರು ತನ್ನದಾಗತ್ತೆ, ಇಲ್ಲಾಂದ್ರೆ ಗೇಟ್ ಒಳಗೇ ಬೆಳೀತಾನೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಪ್ರಕಾರ ಶಾಲೇಲಿ ಹೇಗೂ ಕನ್ನಡ ಬರ್ಬೇಕು. ಮತ್ತೆ ತುಳು ಈಗ ಹೆಚ್ಚಾಗಿ ಬರೆಯೋದು ಕನ್ನಡ ಲಿಪೀಲೇ, ಕನ್ನಡ ಓದೋಕೆ ಬಂದ್ರೆ ನಾಳೆ ತುಳು ಓದೋದೂ ಬಂತು. ನಿಮ್ಮ ಯಜಮಾನ್ರೂ ಮಗನ ಜೊತೆ ಆ ಅಕ್ಕನ ಹತ್ರ ಒಂದೆರಡು ಮಾತು ಕಲಿತ್ರೆ ಏನೂ ಕಳ್ಕೊಳಲ್ಲ.

ನಾಲ್ಕನೇದು ಯಾರೂ ಬಾಯಿಬಿಟ್ಟು ಹೇಳ್ದೇ ಮಾಡೋದು: ಮೊಬೈಲ್. ನಾಲ್ಕು ಭಾಷೇಲೂ ರೈಮ್ಸ್ ಹಾಕ್ಬಿಡೋದು, ಕಲೀಲಿ ಅಂತ. ಅಮೆರಿಕದ ಸಿಯಾಟಲ್‌ನಲ್ಲಿ 2003ರಲ್ಲಿ ಪೆಟ್ರೀಷಿಯಾ ಕುಲ್ ಅನ್ನೋರ ತಂಡ ಒಂಬತ್ತು ತಿಂಗಳ ಮಕ್ಕಳಿಗೆ ಚೀನೀ ಭಾಷೆ ಕೇಳಿಸಿ ನೋಡಿದ್ರು, ಎದುರು ಕೂತು ಆಡಿಸ್ತಾ ಮಾತಾಡಿದವರಿಂದ ಮಕ್ಕಳು ಆ ಧ್ವನಿಗಳನ್ನ ಹಿಡಿದ್ರು, ಅದನ್ನೇ ವಿಡಿಯೋಲಿ ತೋರ್ಸಿದ ಮಕ್ಕಳಿಗೆ ಏನೂ ಹತ್ತಲಿಲ್ಲ. ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆ ಮೇಲೆ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಪುತ್ತೂರಿನ ಅಜ್ಜಿ ಜೊತೆ ವಿಡಿಯೋ ಕಾಲ್ ಬೇರೆ, ಅಲ್ಲಿ ಆ ಕಡೆಯವ್ರು ಉತ್ತರ ಕೊಡ್ತಾರೆ. ಅದನ್ನ ದಿನಾ ಮಾಡಿ, ಆದ್ರೆ ಹೇಳು ಹೇಳು ಅಜ್ಜಿಗೆ ಹೇಳು ಅಂತ ಪೀಡಿಸ್ಬೇಡಿ, ಅಜ್ಜಿ ಕೋಳಿ ತೋರ್ಸಲಿ, ತೋಟ ತೋರ್ಸಲಿ, ಅವ್ರಷ್ಟಕ್ಕೆ ಮಾತಾಡ್ಲಿ.

ಇದೇ ಮಾತು ನಿಮಗೂ. ಪರೀಕ್ಷೆ ಥರ ಕೇಳೋದು ನಿಲ್ಸಿ, ಇದೇನು ಅದೇನು ಅಂತ. ಸ್ನಾನ ಮಾಡ್ಸುವಾಗ ಏನು ಮಾಡ್ತಿದೀರೋ ಅದನ್ನೇ ತುಳುವಲ್ಲಿ ಹೇಳ್ತಾ ಹೋಗಿ. ಅವನು ಬೋಡು ಅಂದ್ರೆ ನೀವು ಪೇರ್ ಬೋಡಾ ಅಂತ ಒಂದು ಪದ ಸೇರ್ಸಿ ವಾಪಸ್ ಕೊಡಿ, ತಿದ್ದಿದ ಹಾಗೆ ಅಲ್ಲ, ಮಾತು ಮುಂದುವರ್ಸಿದ ಹಾಗೆ. ಎರಡು ವಸ್ತು ತೋರ್ಸಿ ಯಾವುದು ಅಂತ ಕೇಳಿ ಐದಾರು ಸೆಕೆಂಡ್ ಸುಮ್ನಿರಿ, ಈ ಸುಮ್ನಿರೋದು ಅಪ್ಪ ಅಮ್ಮಂದಿರಿಗೆ ತುಂಬಾ ಕಷ್ಟ, ಮಗು ಬಾಯಿ ತೆರೆಯೋದ್ರೊಳಗೆ ತಾವೇ ಹೇಳ್ಬಿಡ್ತಾರೆ. ತುಳು ಚಿತ್ರಪುಸ್ತಕ ಸಿಗದಿದ್ರೆ ಯಾವ ಭಾಷೆ ಪುಸ್ತಕ ಆದ್ರೂ ಸರಿ, ಚಿತ್ರಕ್ಕೆ ಭಾಷೆ ಇಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಲ್ಲಿ ಕನ್ನಡ ಬಂಗಾಳಿ ಎರಡರಲ್ಲೂ ಕತೆ ಪುಕ್ಕಟೆ ಸಿಗತ್ತೆ, ಪ್ರಿಂಟ್ ಹಾಕ್ಸಿ ಅತ್ತೆಗೊಂದು ಆ ಅಕ್ಕಂಗೊಂದು ಕೊಡಿ.

ಮಿಸ್ ಜೊತೆ ಜಗಳ ಬೇಡ. ಹೊಸ ಭಾಷೆಯ ಶಾಲೆಗೆ ಹೋದ ಮಗು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಅಲ್ಲಿ ಮಾತೇ ಆಡಲ್ಲ, ಕೇಳಿಸ್ಕೊಳ್ತಾ ಇರತ್ತೆ, ಅದು ಗೊತ್ತಿರೋ ವಿಷ್ಯಾನೇ. ಅವನ ಹತ್ತು ಮುಖ್ಯ ಪದಗಳನ್ನ ಒಂದು ಚೀಟೀಲಿ ಬರೆದು ಕೊಡಿ, ಬೋಡು ಅಂದ್ರೆ ಬೇಕು, ಜೋಲ್ ಅಂದ್ರೆ ನೀರು ಅಂತ. ಜೋಲ್ ಜೋಲ್ ಅಂತ ಅತ್ತ ಮಗೂಗೆ ನೀರು ಸಿಕ್ರೆ ನಾಳೆ ವಾಟರ್ ಅಂತಾನೂ ಅನ್ನತ್ತೆ. ಶೀತ ಇದ್ದ ದಿನ ಮುಂದೆ ಕೂರ್ಸಿ ಅಂತಾನೂ ಹೇಳಿ.

ಈಗ ಮೊದಲು ಕಿವಿ ಟೆಸ್ಟ್, ಈ ವಾರಾನೇ, ಸಾಧ್ಯ ಆದ್ರೆ ಶೀತ ಇರುವಾಗ್ಲೇ. ಅದರ ರಿಪೋರ್ಟ್ ಹಿಡ್ಕೊಂಡು ಸ್ಪೀಚ್ ಥೆರಪಿಸ್ಟ್ ಹತ್ರ, ಆ ಪಟ್ಟಿ, ಜೊತೆಗೆ ಅವನು ನಿಮ್ಮ ಜೊತೆ, ಅಪ್ಪನ ಜೊತೆ, ಅಕ್ಕನ ಜೊತೆ ಆಡೋ ಎರಡೆರಡು ನಿಮಿಷದ ವಿಡಿಯೋ. ಪಟ್ಟಿ ಫ್ರಿಜ್ ಮೇಲೆ ಅಂಟ್ಸಿ, ಹೊಸ ಪದ ಬಂದಾಗೆಲ್ಲ ಯಾರು ಕೇಳಿಸ್ಕೊಂಡ್ರೋ ಅವ್ರೇ ಬರೀಲಿ, ಅಕ್ಕಂಗೆ ಬರೆಯೋಕೆ ಬರದಿದ್ರೆ ನಿಮಗೆ ಹೇಳ್ಲಿ. ಮೂರು ತಿಂಗಳಲ್ಲಿ ಪದ ಜಾಸ್ತಿಯಾಗಿ ಎರಡೆರಡು ಜೋಡ್ಸೋಕೆ ಶುರುವಾದ್ರೆ ಸಮಾಧಾನ, ಇಲ್ಲಾಂದ್ರೆ ಥೆರಪಿ ಶುರು ಮಾಡಿ, ಅದು ನಿಮ್ಮ ಭಾಷೆಗಳಲ್ಲೇ ಮನೆಯವರ ಮೂಲಕ ಮಾಡ್ಸೋಕೆ ಆಗತ್ತೆ. ಅಪಾಯಿಂಟ್‌ಮೆಂಟ್ ದಿನ ಅತ್ತೆಯವ್ರನ್ನೂ ಕರ್ಕೊಂಡು ಹೋಗಿ. ತುಳುವಿಂದ ಏನೂ ಆಗಿಲ್ಲ ಅನ್ನೋದನ್ನ ಸೊಸೆ ಬಾಯಿಂದ ಕೇಳೋದು ಬೇರೆ, ಕೋಟು ಹಾಕ್ಕೊಂಡು ಕೂತೋರ ಬಾಯಿಂದ ಹಿಂದಿಲಿ ಕೇಳೋದು ಬೇರೆ.